ವೇದಿಕೆಗೊಂದು ಹಳೆಯ ಗಿಟಾರ್

ಗೌರಿ-ಗಣೇಶ ಹಬ್ಬ ಹತ್ತಿರವಾದಂತೆ ನನಗೆ ಬರುವ ಪತ್ರಗಳಲ್ಲಿ ಒಂದೇ ಪ್ರಶ್ನೆ ಮತ್ತೆ ಮತ್ತೆ ಎದುರಾಗುತ್ತದೆ. ಬರೆದವರು ಹಾಸನದ ಪಾಲಿಟೆಕ್ನಿಕ್ ವಿದ್ಯಾರ್ಥಿ ಇರಬಹುದು, ದಾವಣಗೆರೆಯ ಆರ್ಕೆಸ್ಟ್ರಾಕ್ಕೆ ಹೊಸದಾಗಿ ಸೇರಿದವರಿರಬಹುದು, ಮಂಗಳೂರಿನ ಚರ್ಚಿನಲ್ಲಿ ನುಡಿಸುವ ಹುಡುಗಿ ಇರಬಹುದು. ಮನೆಯಲ್ಲಿರುವುದು ಕಲಿಯಲೆಂದು ತಂದ ಅಕೌಸ್ಟಿಕ್ ಗಿಟಾರ್. ಇನ್ನು ವೇದಿಕೆ ಹತ್ತಬೇಕು. ಕೈಯಲ್ಲಿ ಹದಿನೈದು-ಇಪ್ಪತ್ತು ಸಾವಿರವಿದೆ, ಹೊಸ ಎಲೆಕ್ಟ್ರಿಕ್ ಗಿಟಾರ್, ಅದರ ಜೊತೆಗಿನ ಸಾಮಾನು ಎಲ್ಲ ಸೇರಿದರೆ ಅಷ್ಟರಲ್ಲಿ ಮುಗಿಯುವುದಿಲ್ಲ. ಸೆಕೆಂಡ್ ಹ್ಯಾಂಡ್ ತೆಗೆದುಕೊಳ್ಳಬಹುದೇ? ಯಾವ ಕಂಪನಿಯದು ಒಳ್ಳೆಯದು?

ತೆಗೆದುಕೊಳ್ಳಬಹುದು, ಧೈರ್ಯವಾಗಿ ತೆಗೆದುಕೊಳ್ಳಿ. ಆದರೆ ಕಂಪನಿಯ ಹೆಸರನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಡಿ. ಗಣೇಶನಿಂದ ಶುರುವಾಗಿ ದಸರಾ ದಾಟಿ ನವೆಂಬರ್ ಮುಗಿಯುವ ತನಕ ನಮ್ಮ ಊರೂರಲ್ಲಿ ರಸಮಂಜರಿ ನಡೆಯುತ್ತದೆ. ಅಲ್ಲಿ ನಿಂತು ನುಡಿಸುವವರ ಗಿಟಾರ್ ಮಾಡಬೇಕಾದ ಕೆಲಸ ಮೂರೇ. ಮೂರು ಗಂಟೆ ಶ್ರುತಿ ಬಿಡಬಾರದು. ನಡುವೆ ಸದ್ದು ನಿಲ್ಲಬಾರದು. ನೀವು ನುಡಿಸದಿದ್ದಾಗ ಅದು ತಾನಾಗಿ ಗುಂಯ್‌ಗುಡಬಾರದು. ನಾದ ಎಷ್ಟು ಮಧುರ, ಮರ ಯಾವುದು, ಬಣ್ಣ ಯಾವುದು ಎಂಬುದೆಲ್ಲ ಈ ಮೂರು ತೀರ್ಮಾನವಾದ ಮೇಲಿನ ಮಾತು. ಕೀಬೋರ್ಡ್, ರಿದಮ್ ಪ್ಯಾಡ್, ಇಬ್ಬರು ಗಾಯಕರು, ಎದುರಿಗೆ ಶಿಳ್ಳೆ ಹೊಡೆಯುವ ಜನ ಇಷ್ಟರ ನಡುವೆ ಹದಿನೈದು ಸಾವಿರದ ಗಿಟಾರಿಗೂ ಒಂದೂವರೆ ಲಕ್ಷದ ಗಿಟಾರಿಗೂ ಇರುವ ನಾದದ ವ್ಯತ್ಯಾಸ ಬಹುಮಟ್ಟಿಗೆ ಕರಗಿಹೋಗುತ್ತದೆ. ಶ್ರುತಿ ತಪ್ಪಿದ ಒಂದು ತಂತಿ ಮಾತ್ರ ಕೊನೆಯ ಸಾಲಿನಲ್ಲಿ ಕುಳಿತವರಿಗೂ ಕೇಳುತ್ತದೆ.

ಈ ವಾದ್ಯ ಹುಟ್ಟಿದ್ದೇ ದುಡಿಯುವ ವಾದಕರ ಅಗತ್ಯದಿಂದ. ಅಮೆರಿಕದ ನೃತ್ಯಶಾಲೆಗಳಲ್ಲಿ ತುತ್ತೂರಿ, ಡ್ರಮ್ಮುಗಳ ಎದುರು ಗಿಟಾರಿನ ಸದ್ದು ಮುಳುಗಿಹೋಗುತ್ತಿತ್ತು. ಟೊಳ್ಳು ಒಡಲಿನ ಗಿಟಾರಿಗೆ ಪಿಕಪ್ ಕೂರಿಸಿ ಸದ್ದು ಏರಿಸಿದರೆ, ಸ್ಪೀಕರಿನಿಂದ ಹೊರಟ ನಾದ ಅದೇ ಒಡಲನ್ನು ಮತ್ತೆ ನಡುಗಿಸಿ ಕೂಗು ಎಬ್ಬಿಸುತ್ತಿತ್ತು. ಪಿಕಪ್ ಇರುವ ಅಕೌಸ್ಟಿಕ್ ಸಾಲದೇ ಎಂದು ಕೇಳುವವರಿಗೂ ಉತ್ತರ ಇದೇ. ನಮ್ಮ ವೇದಿಕೆಗಳಲ್ಲಿ ಕಾಲಬುಡದಲ್ಲೇ ಮಾನಿಟರ್ ಇಟ್ಟಿರುತ್ತಾರೆ, ಅಲ್ಲಿ ಆ ಕೂಗಿನಿಂದ ತಪ್ಪಿಸಿಕೊಳ್ಳುವುದು ಕಷ್ಟ. ಕ್ಯಾಲಿಫೋರ್ನಿಯಾದ ಫುಲ್ಲರ್ಟನ್‌ನಲ್ಲಿ ರೇಡಿಯೊ ರಿಪೇರಿ ಅಂಗಡಿ ಇಟ್ಟಿದ್ದ ಲಿಯೊ ಫೆಂಡರ್ ಈ ಕೂಗಿಗೆ ಪರಿಹಾರವಾಗಿ ಗಟ್ಟಿ ಹಲಗೆಯ ಗಿಟಾರ್ ಮಾಡಿದರು. 1950ರಲ್ಲಿ ಮಾರುಕಟ್ಟೆಗೆ ಬಂದ ಅದಕ್ಕೆ ಮರುವರ್ಷ ಟೆಲಿಕಾಸ್ಟರ್ ಎಂಬ ಹೆಸರಾಯಿತು. ಸ್ವತಃ ಗಿಟಾರ್ ನುಡಿಸಲು ಬಾರದ ಫೆಂಡರ್ ಅದನ್ನು ರಿಪೇರಿ ಮಾಡುವವರ ಕಣ್ಣಿನಿಂದ ನೋಡಿದರು. ನೆಕ್ಕನ್ನು ಅಂಟು ಹಾಕಿ ಕೂರಿಸುವ ಬದಲು ನಾಲ್ಕು ಸ್ಕ್ರೂಗಳಲ್ಲಿ ಬಿಗಿದರು. ಕೆಟ್ಟ ಭಾಗ ಬಿಚ್ಚಿ ಬೇರೆಯದು ಹಾಕಬಹುದು, ವಾದಕ ಆ ರಾತ್ರಿಯ ಕಾರ್ಯಕ್ರಮ ಕಳೆದುಕೊಳ್ಳಬೇಕಿಲ್ಲ. ಇವತ್ತು ನಿಮ್ಮ ಕೈಗೆ ಸಿಗುವ ಅಗ್ಗದ ಗಿಟಾರುಗಳಲ್ಲಿ ಹೆಚ್ಚಿನವು ಈ ಯೋಚನೆಯ ಸಂತಾನವೇ.

ಹಾಗಾಗಿ ಹಳೆಯ ಗಿಟಾರ್ ಮುಂದೆ ಕುಳಿತಾಗ ನಾನು ಕೇಳಿಕೊಳ್ಳುವುದು ಒಂದೇ ಪ್ರಶ್ನೆ: ಇದರಲ್ಲಿ ಕೆಟ್ಟಿರುವುದು ಸುಲಭಕ್ಕೆ ಸರಿಹೋಗುತ್ತದೆಯೇ, ಇಲ್ಲವೇ? ಸರಿಹೋಗುವ ದೋಷ ನಿಮಗೆ ಲಾಭ, ಅದನ್ನು ತೋರಿಸಿ ಬೆಲೆ ಇಳಿಸಬಹುದು. ಸರಿಹೋಗದ ದೋಷವಿದ್ದರೆ ಬಿಟ್ಟಿ ಕೊಟ್ಟರೂ ಬೇಡ. ತುಕ್ಕು ಹಿಡಿದ ತಂತಿ, ಕರಕರ ಎನ್ನುವ ವಾಲ್ಯೂಮ್ ಗುಬುಟು, ಅಲ್ಲಾಡುವ ಜಾಕ್, ಸಡಿಲ ಬಿರಡೆ, ಗೀರು ಬಿದ್ದ ಬಣ್ಣ ಇವೆಲ್ಲ ಮೊದಲ ಗುಂಪಿನವು. ಎರಡನೆಯ ಗುಂಪಿನಲ್ಲಿ ಇರುವುದು ಮುಖ್ಯವಾಗಿ ನೆಕ್. ಫೆಂಡರ್ ಮಾದರಿಯಲ್ಲಿ ಅದನ್ನು ಬದಲಿಸಬಹುದು, ನಿಜ. ಆದರೆ ನಮ್ಮಲ್ಲಿ ಒಳ್ಳೆಯ ನೆಕ್ ಒಂದನ್ನೇ ಹುಡುಕಿ ತರಿಸುವುದು ಅಗ್ಗದ ಗಿಟಾರಿನ ಅರ್ಧ ಬೆಲೆಯನ್ನಾದರೂ ನುಂಗುತ್ತದೆ. ಅಂಟಿಸಿದ ನೆಕ್ ಆದರೆ ಆ ದಾರಿಯೂ ಇಲ್ಲ.

ಆದ್ದರಿಂದ ನೆಕ್ ನೋಡಲು ಹೆಚ್ಚು ಹೊತ್ತು ಕೊಡಿ, ಮಾರುವವರು ಅವಸರ ಮಾಡಿದರೂ ಬಿಡಬೇಡಿ. ಆರು ತಂತಿಗಳು ಸೇರಿ ಅದನ್ನು ಎಳೆಯುವ ಬಲ ಸುಮಾರು 40ರಿಂದ 45 ಕಿಲೋ. ಹೆದೆಯೇರಿಸಿದ ಬಿಲ್ಲಿನಂತೆ ಮರ ಮುಂದಕ್ಕೆ ಬಾಗಲು ನೋಡುತ್ತಲೇ ಇರುತ್ತದೆ. ಅದನ್ನು ತಡೆಯಲು ನೆಕ್ಕಿನೊಳಗೆ ಟ್ರಸ್ ರಾಡ್ ಎಂಬ ಉಕ್ಕಿನ ಸರಳು ಹುದುಗಿದೆ. ತುದಿಯಲ್ಲಿ ಅಲೆನ್ ಕೀ ಹಾಕಿ ಬಿಗಿದರೆ ನೆಕ್ ಹಿಂದಕ್ಕೆ ಬರುತ್ತದೆ, ಸಡಿಲಿಸಿದರೆ ಮುಂದಕ್ಕೆ ಹೋಗುತ್ತದೆ. ಗಿಟಾರನ್ನು ಬಂದೂಕು ಗುರಿಯಿಟ್ಟಂತೆ ಹಿಡಿದು, ಬ್ರಿಡ್ಜ್ ಕಡೆಯಿಂದ ತಲೆಯ ಕಡೆಗೆ ಎರಡೂ ಅಂಚುಗಳನ್ನು ನೋಡಿ. ಎರಡೂ ಒಂದೇ ರೀತಿ ಮೆಲ್ಲಗೆ ಬಾಗಿದ್ದರೆ ಚಿಂತೆಯಿಲ್ಲ, ಅದು ಕಾಲು ಸುತ್ತು, ಅರ್ಧ ಸುತ್ತಿನ ಕೆಲಸ. ಒಂದು ಅಂಚು ಒಂದು ಕಡೆಗೆ, ಇನ್ನೊಂದು ಇನ್ನೊಂದು ಕಡೆಗೆ ತಿರುಚಿಕೊಂಡಿದ್ದರೆ ಗಿಟಾರನ್ನು ಕೆಳಗಿಟ್ಟು ಎದ್ದು ಬನ್ನಿ. ಆ ತಿರುಚನ್ನು ರಾಡ್ ಸರಿಪಡಿಸಲಾರದು.

ಬಾಗಿದ್ದು ಎಷ್ಟು ಎಂದು ತಿಳಿಯಲು ಮೊದಲ ಫ್ರೆಟ್ಟಿಗೆ ಕೇಪೋ ಹಾಕಿ, ನೆಕ್ ಒಡಲಿಗೆ ಸೇರುವಲ್ಲಿ ದಪ್ಪ ತಂತಿಯನ್ನು ಒತ್ತಿ, ಏಳನೆಯ ಅಥವಾ ಎಂಟನೆಯ ಫ್ರೆಟ್ಟಿನ ಮೇಲೆ ಎಷ್ಟು ಸಂದಿದೆ ನೋಡಿ. ಒಂದು ವಿಸಿಟಿಂಗ್ ಕಾರ್ಡ್ ತೂರುವಷ್ಟು, ಅಂದರೆ ಮಿಲಿಮೀಟರಿನ ಕಾಲು ಭಾಗದಷ್ಟು ಇದ್ದರೆ ಸರಿಯಾಗಿದೆ. ಅದಕ್ಕಿಂತ ಹೆಚ್ಚಿದ್ದರೆ ರಾಡ್ ಇನ್ನೂ ಬಿಗಿಯಲು ಬರುತ್ತದೆಯೇ ಎಂದು ಮಾರುವವರ ಎದುರೇ ಸ್ವಲ್ಪ ತಿರುಗಿಸಿ ನೋಡಲು ಒಪ್ಪಿಗೆ ಕೇಳಿ. ಈಗಾಗಲೇ ಪೂರ್ತಿ ಬಿಗಿದು ನಿಂತಿರುವ ರಾಡಿನಲ್ಲಿ ಇನ್ನು ಆಯುಷ್ಯ ಉಳಿದಿಲ್ಲ. ಬಲವಂತ ಮಾತ್ರ ಬೇಡ, ಒಳಗೆ ಮುರಿದರೆ ತೆಗೆಯುವುದು ದೊಡ್ಡ ಕೆಲಸ.

ಆಮೇಲೆ ಮೊಬೈಲಿನ ಟಾರ್ಚ್ ಹಚ್ಚಿ ನಟ್ಟಿನ ಹಿಂಭಾಗ, ತಲೆಯ ಬುಡ ನೋಡಿ. ಗಿಬ್ಸನ್ ಕಂಪನಿಯ ಲೆಸ್ ಪಾಲ್ ಮಾದರಿಯಲ್ಲಿ ತಲೆ ಹಿಂದಕ್ಕೆ ವಾಲಿರುವುದರಿಂದ ಗಿಟಾರ್ ಒಮ್ಮೆ ಬಿದ್ದರೆ ಅಲ್ಲೇ ಬಿರುಕು ಬಿಡುತ್ತದೆ. ಬಣ್ಣದ ಕೆಳಗೆ ಕೂದಲೆಳೆಯಂಥ ಗೆರೆ ಕಂಡರೆ ಉಗುರಿನಿಂದ ತಡವಿ ನೋಡಿ. ಚೆನ್ನಾಗಿ ಅಂಟಿಸಿದ ಬಿರುಕು ವರ್ಷಗಟ್ಟಲೆ ಬಾಳುವುದುಂಟು, ಆದರೆ ಬೆಲೆ ಅರ್ಧಕ್ಕೆ ಇಳಿಯಬೇಕು. ಮೊದಲ ಐದು ಫ್ರೆಟ್ಟುಗಳಲ್ಲಿ ತಂತಿಯ ಅಡಿಗೆ ತೋಡು ಬಿದ್ದಿದೆಯೇ ಎಂಬುದನ್ನೂ ಗಮನಿಸಿ. ತೆಳುವಾದ ತೋಡನ್ನು ಉಜ್ಜಿ ಸಮ ಮಾಡಬಹುದು, ಆಳವಾಗಿದ್ದರೆ ಹೊಸ ಫ್ರೆಟ್ ಹೊಡೆಸಬೇಕು, ಈ ಬೆಲೆಯ ಗಿಟಾರಿಗೆ ಆ ಖರ್ಚು ಹೊಂದುವುದಿಲ್ಲ. ಪ್ರತಿ ತಂತಿಯನ್ನೂ ಪ್ರತಿ ಫ್ರೆಟ್ಟಿನಲ್ಲೂ ಒತ್ತಿ ನುಡಿಸಿ. ಬೇಸರದ ಕೆಲಸ, ಆದರೂ ಮಾಡಿ. ಹನ್ನೆರಡನೆಯ ಫ್ರೆಟ್ಟಿನ ಆಚೆ ತೆಳು ತಂತಿಯನ್ನು ಎಳೆದು ಸ್ವರ ಏರಿಸಿದಾಗ ನಾದ ಉಸಿರು ಕಟ್ಟಿದಂತೆ ನಿಂತುಹೋದರೆ ಅಲ್ಲಿ ಯಾವುದೋ ಫ್ರೆಟ್ ಎತ್ತರದಲ್ಲಿದೆ ಎಂದು ಅರ್ಥ. ಕೇವಲ ಕಾರ್ಡ್ ಹಿಡಿದು ತಾಳ ಕೊಡುವವರಿಗೆ ಇದು ಗೊತ್ತೇ ಆಗುವುದಿಲ್ಲ, ಹಾಡಿನ ಮಧ್ಯದ ಬಿಜಿಎಂ ತುಣುಕು ನುಡಿಸುವವರಿಗೆ ಇದೇ ಮುಖ್ಯ.

ಮರದ ಬಗ್ಗೆ ಬಹಳ ಜನ ಕೇಳುತ್ತಾರೆ. ಫ್ರೆಟ್ ಹಲಗೆ ರೋಸ್‌ವುಡ್ ಆಗಿರಲೇಬೇಕು, ಈಗಿನವು ಕಳಪೆ ಮರ ಎಂದು ಯಾರೋ ಹೇಳಿದರಂತೆ. ರೋಸ್‌ವುಡ್ ಎಂದರೆ ನಮ್ಮ ಬೀಟೆ. ಪಶ್ಚಿಮಘಟ್ಟದಲ್ಲಿ ಬೆಳೆಯುವ ಆ ಜಾತಿಯ ಮರವೇ ಜಗತ್ತಿನ ಎಷ್ಟೋ ಗಿಟಾರುಗಳಲ್ಲಿ ಫ್ರೆಟ್ ಹಲಗೆಯಾಗಿ ಕುಳಿತಿದೆ. ಬೀಟೆಯ ಕುಲದ ಎಲ್ಲ ಮರಗಳ ಮೇಲೂ 2017ರ ಜನವರಿಯಲ್ಲಿ ಅಂತರರಾಷ್ಟ್ರೀಯ ವ್ಯಾಪಾರದ ನಿರ್ಬಂಧ ಬಂತು. ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿದ್ದು 2019ರ ಕೊನೆಗೆ. ಅಷ್ಟರಲ್ಲಿ ಅಗ್ಗದ ಗಿಟಾರ್ ಮಾಡುವವರು ಬೇರೆ ಮರಕ್ಕೆ ಹೊರಳಿದ್ದರು. ಫೆಂಡರಿನ ಸ್ಕ್ವೈಯರ್ ಹೆಸರಿನ ಹಲವು ಗಿಟಾರುಗಳ ವಿವರದಲ್ಲಿ ಇಂಡಿಯನ್ ಲಾರೆಲ್ ಎಂದು ಬರೆದಿರುತ್ತದೆ. ಅದು ನಮ್ಮ ಮಲೆನಾಡಿನ ಮತ್ತಿ ಮರ. ಮನೆಯ ತೊಲೆಗೂ ಕಿಟಕಿಗೂ ತಲೆಮಾರುಗಳಿಂದ ಬಳಸಿದ ಗಟ್ಟಿ ಮರವನ್ನು ಕಳಪೆ ಎನ್ನಲು ನನಗೆ ಮನಸ್ಸು ಬಾರದು. ಬಣ್ಣ ಸ್ವಲ್ಪ ಪೇಲವ ಅನ್ನಿಸಬಹುದು, ಒಣಗಿದ್ದರೆ ಎಣ್ಣೆ ಸವರಬೇಕು, ಅಷ್ಟೆ. ಒಡಲಿನ ಮರ ಆಲ್ಡರೋ, ಪಾಪ್ಲರೋ, ಬಾಸ್‌ವುಡ್ಡೋ ಎಂಬ ಚರ್ಚೆಯನ್ನೂ ಈ ಬೆಲೆಯಲ್ಲಿ ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಕ್ವೀನ್ ತಂಡದ ಬ್ರಯಾನ್ ಮೇ ಹದಿಹರೆಯದಲ್ಲಿ, 1963ರಲ್ಲಿ, ತಂದೆಯ ಜೊತೆ ಸೇರಿ ತಮ್ಮ ಗಿಟಾರನ್ನು ತಾವೇ ಕಟ್ಟಲು ಶುರುಮಾಡಿದರು. ಅದರ ನೆಕ್ ಆದದ್ದು ಹಳೆಯ ಅಗ್ಗಿಷ್ಟಿಕೆಯ ಚೌಕಟ್ಟಿನ ಮರದಿಂದ. ಜಗತ್ತಿನ ದೊಡ್ಡ ದೊಡ್ಡ ಕ್ರೀಡಾಂಗಣಗಳಲ್ಲಿ ಅವರು ನುಡಿಸಿದ್ದು ಅದನ್ನೇ. ತೂಕವನ್ನು ಮಾತ್ರ ನೋಡಿ. ಮೂರು, ಮೂರೂವರೆ ಕಿಲೋ ಒಳಗಿದ್ದರೆ ಹೆಗಲು ತಡೆದುಕೊಳ್ಳುತ್ತದೆ. ನಾಲ್ಕು ದಾಟಿದ ಗಿಟಾರನ್ನು ರಾತ್ರಿ ಒಂಬತ್ತರಿಂದ ಹನ್ನೆರಡರವರೆಗೆ ನಿಂತು ನುಡಿಸಿದವರಿಗೆ ಮರುದಿನ ಬೆನ್ನು ಹೇಳುತ್ತದೆ.

ಶ್ರುತಿಯ ಪರೀಕ್ಷೆಗೆ ಬರೋಣ. ಹೋಗುವಾಗ ಒಂದು ಹೊಸ ತಂತಿ ಸೆಟ್ ಜೇಬಿನಲ್ಲಿರಲಿ, ಕೆಲವು ನೂರು ರೂಪಾಯಿಯ ಖರ್ಚು. ಹಳೆಯ ತಂತಿಯಲ್ಲಿ ಯಾವ ಗಿಟಾರನ್ನೂ ಸರಿಯಾಗಿ ಅಳೆಯಲಾಗದು. ನಿಮಗೆ ಗಿಟಾರ್ ಮನಸ್ಸಿಗೆ ಬಂದಿದೆ, ನೆಕ್ ಸರಿಯಿದೆ ಎಂದಾದ ಮೇಲೆ, ತಂತಿ ಬದಲಿಸಿ ನೋಡಲೇ ಎಂದು ಕೇಳಿ. ಹೆಚ್ಚಿನವರು ಬೇಡ ಎನ್ನುವುದಿಲ್ಲ. ಹೊಸ ತಂತಿಯನ್ನು ಕೈಯಿಂದ ಚೆನ್ನಾಗಿ ಜಗ್ಗಿ ಹಿಗ್ಗಿಸಿ, ಶ್ರುತಿ ಮಾಡಿ, ಒಂದೈದು ನಿಮಿಷ ಜೋರಾಗಿ ನುಡಿಸಿ, ಎಳೆದು ಗಮಕ ಕೊಡಿ, ಮತ್ತೆ ಟ್ಯೂನರ್ ನೋಡಿ. ಶ್ರುತಿ ಮಾಡುವಾಗ ಬಿರಡೆ ತಿರುಗಿಸುತ್ತಿದ್ದರೂ ಸ್ವರ ಅಲ್ಲೇ ನಿಂತು, ಆಮೇಲೆ ಟಿಕ್ ಎಂದು ಒಮ್ಮೆಗೇ ಹಾರಿದರೆ ತಂತಿ ನಟ್ಟಿನ ಗೀರಿನಲ್ಲಿ ಸಿಕ್ಕಿಕೊಳ್ಳುತ್ತಿದೆ. ಪೆನ್ಸಿಲ್ಲಿನ ಸೀಸವನ್ನು ಆ ಗೀರಿಗೆ ತಿಕ್ಕಿದರೆ ಎಷ್ಟೋ ಸಲ ಅಷ್ಟರಲ್ಲೇ ಸರಿಹೋಗುತ್ತದೆ. ಬಿರಡೆಗಳೇ ಜಾರುತ್ತಿದ್ದರೆ ಹೊಸ ಸೆಟ್ ಹಾಕಿಸಬಹುದು. ಶ್ರುತಿ ಬಿಡುವ ಗಿಟಾರ್ ಎಂದು ಅಗ್ಗಕ್ಕೆ ಮಾರಿದ ಎಷ್ಟೋ ಗಿಟಾರುಗಳ ರೋಗ ಇಷ್ಟೇ ಇರುತ್ತದೆ.

ಹನ್ನೆರಡನೆಯ ಫ್ರೆಟ್ ತಂತಿಯ ನಟ್ಟನಡು. ಅಲ್ಲಿ ಒತ್ತಿದಾಗ ಬರುವ ಸ್ವರ, ಬಿಟ್ಟ ತಂತಿಗಿಂತ ಸರಿಯಾಗಿ ಒಂದು ಸ್ಥಾಯಿ ಮೇಲಿರಬೇಕು. ಮಧ್ಯ ಷಡ್ಜಕ್ಕೆ ತಾರ ಷಡ್ಜ ಹೊಂದದಿದ್ದರೆ ಕೆಳಗೆ ಸರಿಯಾಗಿದ್ದ ಕಾರ್ಡ್ ಮೇಲೆ ಹೋದಂತೆ ಅಪಸ್ವರವಾಗುತ್ತದೆ. ಇದನ್ನು ಬ್ರಿಡ್ಜಿನ ಪುಟ್ಟ ಸ್ಯಾಡಲ್ಲುಗಳನ್ನು ಹಿಂದೆ ಮುಂದೆ ಸರಿಸಿ ಹೊಂದಿಸುತ್ತಾರೆ. ಅವುಗಳ ಸ್ಕ್ರೂ ತುಕ್ಕು ಹಿಡಿದು ಕಚ್ಚಿಕೊಂಡಿಲ್ಲವೇ ಎಂದಷ್ಟೇ ನೋಡಿಕೊಳ್ಳಿ. ಕರಾವಳಿಯಿಂದ ಬಂದ ಗಿಟಾರಾದರೆ ಇದನ್ನು ವಿಶೇಷವಾಗಿ ನೋಡಬೇಕು.

ಬ್ರಿಡ್ಜಿನ ವಿಷಯದಲ್ಲಿ ನನ್ನದು ಖಚಿತ ಅಭಿಪ್ರಾಯ. ಫ್ಲಾಯ್ಡ್ ರೋಸ್ ಮಾದರಿಯ ತೇಲುವ ಬ್ರಿಡ್ಜ್ ಇರುವ ಅಗ್ಗದ ಗಿಟಾರ್ ವೇದಿಕೆಗೆ ಬೇಡ. ತಂತಿಗಳ ಎಳೆತವೂ ಹಿಂಬದಿಯ ಸ್ಪ್ರಿಂಗುಗಳ ಎಳೆತವೂ ಸರಿದೂಗಿದಾಗ ಮಾತ್ರ ಅದು ಸಮವಾಗಿ ನಿಲ್ಲುತ್ತದೆ. ಹಾಡಿನ ನಡುವೆ ಒಂದು ತಂತಿ ತುಂಡಾದರೆ ಉಳಿದ ಐದೂ ಆ ಕ್ಷಣವೇ ಶ್ರುತಿ ಬಿಡುತ್ತವೆ. ಕದಲದ ಬ್ರಿಡ್ಜ್ ಇದ್ದರೆ ಉಳಿದ ಐದರಲ್ಲೇ ಹಾಡು ಮುಗಿಸಬಹುದು. ಫೆಂಡರಿನ ಸ್ಟ್ರಾಟೋಕಾಸ್ಟರ್ ಮಾದರಿಯ ಸಾದಾ ಟ್ರೆಮೊಲೊ ಬ್ರಿಡ್ಜ್ ಇದ್ದರೆ ಹೆದರಬೇಕಿಲ್ಲ. ಹಿಂದಿನ ಪ್ಲಾಸ್ಟಿಕ್ ಮುಚ್ಚಳ ತೆಗೆದು, ಸ್ಪ್ರಿಂಗುಗಳನ್ನು ಹಿಡಿದಿರುವ ಎರಡು ಸ್ಕ್ರೂ ಬಿಗಿ ಮಾಡಿ, ಬೇಕಾದರೆ ಒಂದು ಸ್ಪ್ರಿಂಗ್ ಹೆಚ್ಚಿಗೆ ಹಾಕಿದರೆ ಬ್ರಿಡ್ಜ್ ಒಡಲಿಗೆ ಅಂಟಿ ಕೂರುತ್ತದೆ.

ಇನ್ನು ವಿದ್ಯುತ್ತಿನ ಭಾಗ. ಪಿಕಪ್ ಎಂದರೆ ಅಯಸ್ಕಾಂತದ ಸುತ್ತ ಸುತ್ತಿದ ಸಾವಿರಾರು ಸುತ್ತು ತೆಳು ತಾಮ್ರದ ತಂತಿ. ಮೇಲೆ ಉಕ್ಕಿನ ತಂತಿ ಕಂಪಿಸಿದಾಗ ಅಯಸ್ಕಾಂತದ ಕ್ಷೇತ್ರ ಅಲುಗುತ್ತದೆ, ತಾಮ್ರದ ಸುರುಳಿಯಲ್ಲಿ ಸಣ್ಣ ವಿದ್ಯುತ್ ಹುಟ್ಟುತ್ತದೆ. ತೊಂದರೆ ಏನೆಂದರೆ ಆ ಸುರುಳಿಗೆ ತಂತಿಯ ಕಂಪನವೂ ಒಂದೇ, ಸುತ್ತಲಿನ ವೈರುಗಳಲ್ಲಿ ಸೆಕೆಂಡಿಗೆ 100 ಸಲ ದಿಕ್ಕು ಬದಲಿಸುವ ಕರೆಂಟೂ ಒಂದೇ. ಎರಡನ್ನೂ ಹಿಡಿದು ಸ್ಪೀಕರಿಗೆ ಕಳಿಸುತ್ತದೆ. ಒಂಟಿ ಸುರುಳಿಯ ಪಿಕಪ್ ಇರುವ ಗಿಟಾರ್ ಗುಂಯ್‌ಗುಡುವುದು ಇದಕ್ಕೇ. ಗಿಬ್ಸನ್ ಕಂಪನಿಯ ಸೇಠ್ ಲವರ್ 1955ರಲ್ಲಿ ಇದಕ್ಕೊಂದು ಪರಿಹಾರ ಕಂಡುಹಿಡಿದರು. ಎರಡು ಸುರುಳಿಗಳನ್ನು ಅಕ್ಕಪಕ್ಕ ಇಟ್ಟು, ಒಂದರ ಸುತ್ತನ್ನೂ ಅಯಸ್ಕಾಂತದ ದಿಕ್ಕನ್ನೂ ತಿರುಗುಮುರುಗು ಮಾಡಿದರೆ ಹೊರಗಿನ ಗುಂಯ್ ಪರಸ್ಪರ ವಜಾ ಆಗುತ್ತದೆ, ತಂತಿಯ ನಾದ ಮಾತ್ರ ಕೂಡಿಕೊಳ್ಳುತ್ತದೆ. ಅದೇ ಹಂಬಕರ್. ಜಾತ್ರೆಯ ವೇದಿಕೆಯಲ್ಲಿ ಇದರ ಬೆಲೆ ಗೊತ್ತಾಗುತ್ತದೆ. ಒಂದೇ ಜನರೇಟರಿನಿಂದ ಸೀರಿಯಲ್ ಸೆಟ್, ಎಲ್‌ಇಡಿ ಲೈಟು, ಡಿಮ್ಮರ್, ಮೈಕ್ ಸೆಟ್ ಎಲ್ಲಕ್ಕೂ ಲೈನ್ ಎಳೆದಿರುತ್ತಾರೆ. ಮಂಡ್ಯದ ಕಡೆಯ ಒಂದು ರಸಮಂಜರಿಯಲ್ಲಿ ನಿಧಾನ ಲಯದ ತಾಯಿಯ ಹಾಡೊಂದು ಶುರುವಾಗಿ, ವಾದ್ಯಗಳೆಲ್ಲ ಸುಮ್ಮನಾಗಿ ಗಾಯಕಿಯ ದನಿ ಮಾತ್ರ ಉಳಿಯಬೇಕಾದ ಕಡೆ, ಪಕ್ಕದ ಗೆಳೆಯನ ಒಂಟಿ ಸುರುಳಿ ಗಿಟಾರ್ ಜೇನುಹುಟ್ಟಿನಷ್ಟು ಸದ್ದು ಮಾಡುತ್ತಿತ್ತು. ಆತ ವಾಲ್ಯೂಮ್ ಪೂರ್ತಿ ಇಳಿಸಿ, ತನ್ನ ಸರದಿ ಬಂದಾಗ ಏರಿಸಿ, ಹಾಗೆಯೇ ರಾತ್ರಿ ಕಳೆದ. ಅದಕ್ಕೇ ನನ್ನ ಸಲಹೆ, ಬ್ರಿಡ್ಜಿನ ಬಳಿಯಾದರೂ ಒಂದು ಹಂಬಕರ್ ಇರುವ ಗಿಟಾರನ್ನೇ ಹುಡುಕಿ.

ನೋಡಲು ಹೋದಾಗ ನಿಮ್ಮದೇ ಕೇಬಲ್ ಒಯ್ಯಿರಿ. ಕೇಬಲ್ ಚುಚ್ಚಿ ಜಾಕಿನ ಬಳಿ ಮೆಲ್ಲಗೆ ಅಲ್ಲಾಡಿಸಿ. ಪಿಕಪ್ ಸ್ವಿಚ್ಚನ್ನು ಎಲ್ಲ ಸ್ಥಾನಗಳಿಗೂ ಸರಿಸಿ, ಗುಬುಟುಗಳನ್ನು ಪೂರ್ತಿ ತಿರುಗಿಸಿ. ಕರಕರ ಎಂದರೆ ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿದರೆ ಆಯಿತು. ಜಾಕ್ ಅಲ್ಲಾಡಿ ಸದ್ದು ಹೋಗಿ ಬಂದು ಮಾಡಿದರೆ ಅದು ಬೆಸುಗೆಯ ಕೆಲಸ, ನಿಮ್ಮ ಊರಿನ ಟಿವಿ ರಿಪೇರಿಯವರೇ ಮಾಡಿಕೊಡುತ್ತಾರೆ. ಒಂದು ಪಿಕಪ್ ಸಂಪೂರ್ಣ ಮೌನವಾಗಿದ್ದರೆ ಮಾತ್ರ ಯೋಚಿಸಿ, ಒಳಗಿನ ಸುರುಳಿ ತುಂಡಾಗಿರಬಹುದು. ಕೈ ತೆಗೆದಾಗ ಬರುವ ಗುಂಯ್ ಸದ್ದು ತಂತಿ ಮುಟ್ಟಿದಾಗ ಇಳಿಯಬೇಕು. ಇಳಿಯದೆ ಹೆಚ್ಚಾದರೆ ಒಳಗಿನ ಅರ್ತ್ ವೈರ್ ಬಿಟ್ಟಿದೆ, ಅಥವಾ ಜಾಕಿಗೆ ವೈರುಗಳನ್ನು ಅದಲು ಬದಲಾಗಿ ಹಾಕಿದ್ದಾರೆ.

ಅರ್ತ್ ಎಂದಾಗ ಗಿಟಾರ್ ಕೊಳ್ಳುವುದಕ್ಕಿಂತ ದೊಡ್ಡ ಮಾತೊಂದನ್ನು ಹೇಳಿಬಿಡಬೇಕು. ಎಲೆಕ್ಟ್ರಿಕ್ ಗಿಟಾರಿನ ತಂತಿಗಳು ಕೇಬಲ್ ಮೂಲಕ ಆಂಪ್ಲಿಫೈಯರಿನ, ಅಂದರೆ ಆಂಪಿನ, ಲೋಹದ ಪೆಟ್ಟಿಗೆಗೆ ಸೇರಿಕೊಂಡಿರುತ್ತವೆ. ಆಂಪಿಗೆ ಅರ್ತ್ ಇಲ್ಲದೆ ಒಳಗೆ ಕರೆಂಟ್ ಸೋರುತ್ತಿದ್ದರೆ, ಬೆರಳು ತಂತಿಯ ಮೇಲೆ, ತುಟಿ ಮೈಕಿನ ಮೇಲೆ ಇಟ್ಟವರ ಮೈಯೇ ದಾರಿಯಾಗುತ್ತದೆ. 1972ರಲ್ಲಿ ವೇಲ್ಸ್‌ನ ಸ್ವಾನ್ಸಿಯಲ್ಲಿ ಸ್ಟೋನ್ ದ ಕ್ರೋಸ್ ತಂಡದ ಗಿಟಾರ್ ವಾದಕ ಲೆಸ್ ಹಾರ್ವಿ ವೇದಿಕೆಯ ಮೇಲೆಯೇ ಪ್ರಾಣ ಬಿಟ್ಟದ್ದು ಅರ್ತ್ ಸರಿಯಿಲ್ಲದ ಮೈಕ್ ಮುಟ್ಟಿ. ಗಣೇಶನ ದಿನಗಳಲ್ಲಿ ನಮ್ಮಲ್ಲಿ ಮಳೆ, ಶಾಮಿಯಾನದ ಕೆಳಗೆ ಒದ್ದೆ ನೆಲ, ಕಾಲಲ್ಲಿ ಕೆಲವರಿಗೆ ಚಪ್ಪಲಿಯೂ ಇರುವುದಿಲ್ಲ. ಮೂರು ಪಿನ್ನಿನ ಪ್ಲಗ್ಗಿಗೆ ಎರಡು ಪಿನ್ನಿನ ಅಡಾಪ್ಟರ್ ಹಾಕಿ ಅರ್ತ್ ತಪ್ಪಿಸಿದರೆ ಗುಂಯ್ ಸದ್ದು ಕಡಿಮೆಯಾಗುತ್ತದೆ ಎಂಬ ಉಪಾಯವನ್ನು ಯಾರಾದರೂ ಹೇಳಿಕೊಟ್ಟರೆ ದಯವಿಟ್ಟು ಕೇಳಬೇಡಿ. ನಿಮ್ಮ ಆಂಪಿಗೂ ಮೈಕ್ ಸೆಟ್ಟಿಗೂ ಅರ್ತ್ ಇರುವ ಒಂದೇ ಬೋರ್ಡಿನಿಂದ ಲೈನ್ ಕೊಡಿ ಎಂದು ಮೈಕ್ ಸೆಟ್‌ನವರನ್ನು ಕೇಳಿ. ಇನ್ನೂರು ಮುನ್ನೂರು ರೂಪಾಯಿಗೆ ಮಲ್ಟಿಮೀಟರ್ ಸಿಗುತ್ತದೆ. ಒಂದು ಕಡ್ಡಿಯನ್ನು ಗಿಟಾರ್ ತಂತಿಗೆ, ಇನ್ನೊಂದನ್ನು ಮೈಕಿನ ಜಾಲರಿಗೆ ಇಟ್ಟು ಎಸಿ ವೋಲ್ಟೇಜ್ ನೋಡಿ. ಸೊನ್ನೆಯ ಹತ್ತಿರ ಇಲ್ಲದಿದ್ದರೆ ಸರಿಪಡಿಸುವವರೆಗೆ ಹಾಡಬೇಡಿ, ನುಡಿಸಬೇಡಿ. ಸಂಘಟಕರು ಅವಸರ ಮಾಡಿದರೂ ಸರಿ.

ಈಗ ಹೆಸರುಗಳಿಗೆ ಬರಬಹುದು. ಯಮಹಾ ಪೆಸಿಫಿಕಾ 112 ಸೆಕೆಂಡ್ ಹ್ಯಾಂಡಿನಲ್ಲಿ ಕಂಡರೆ ಮೊದಲು ಅದನ್ನು ನೋಡಿ. ಬ್ರಿಡ್ಜ್ ಕಡೆ ಹಂಬಕರ್, ಉಳಿದೆರಡು ಒಂಟಿ ಸುರುಳಿ, ಹಾಗಾಗಿ ರಸಮಂಜರಿಯ ಬಗೆಬಗೆಯ ಹಾಡುಗಳಿಗೆ ಒಗ್ಗುತ್ತದೆ, ಕಟ್ಟುವ ಕೆಲಸದಲ್ಲಿ ಶಿಸ್ತಿದೆ. ಅದರ ತಮ್ಮನಾದ 012 ಇನ್ನೂ ಅಗ್ಗ, ಪಿಕಪ್ ಜೋಡಣೆ ಅದೇ. ಸ್ಕ್ವೈಯರ್ ಎಂಬುದು ಫೆಂಡರ್ ಕಂಪನಿಯದೇ ಅಗ್ಗದ ಸಾಲು, 1982ರಿಂದ ಗಿಟಾರುಗಳ ಮೇಲೆ ಆ ಹೆಸರಿದೆ. ಅದರಲ್ಲಿ ಅಫಿನಿಟಿ ಸಾಲಿನ ಟೆಲಿಕಾಸ್ಟರ್ ಕದಲದ ಬ್ರಿಡ್ಜಿನ ದೃಢ ವಾದ್ಯ, ಗುಂಯ್ ಸದ್ದಿನ ಜೊತೆ ಬಾಳಲು ಸಿದ್ಧರಿದ್ದರೆ. ಐಬನೆಜ್ ಗಿಯೋ, ಕಾರ್ಟ್ ಕೂಡ ನಂಬಬಹುದಾದವು. ಕೊರಿಯಾದ ಕಾರ್ಟ್ ಕಂಪನಿ ಬೇರೆ ದೊಡ್ಡ ಹೆಸರುಗಳಿಗೂ ಗಿಟಾರ್ ಮಾಡಿಕೊಡುತ್ತದೆ, ತನ್ನ ಹೆಸರಿನಲ್ಲಿ ಮಾರುವಾಗ ಬೆಲೆ ಕಡಿಮೆ. ಇಪ್ಪತ್ತು ಸಾವಿರಕ್ಕೆ ಗಿಬ್ಸನ್ ಲೆಸ್ ಪಾಲ್ ಎಂದು ಯಾರಾದರೂ ತೋರಿಸಿದರೆ ಅದು ನಕಲಿ. ತಲೆಯ ಮೇಲೆ ಟ್ರಸ್ ರಾಡ್ ಮುಚ್ಚುವ ಗಂಟೆಯಾಕಾರದ ಪಟ್ಟಿಗೆ ಅಸಲಿಯಲ್ಲಿ ಎರಡು ಸ್ಕ್ರೂ, ಬಹುಪಾಲು ನಕಲಿಗಳಲ್ಲಿ ಮೂರು. ನಕಲಿಯೂ ಕೆಲವೊಮ್ಮೆ ನುಡಿಯುತ್ತದೆ, ಆದರೆ ನಾಳೆ ನೀವು ಅದನ್ನು ಮಾರುವಾಗ ಇನ್ನೊಬ್ಬರಿಗೆ ಏನೆಂದು ಹೇಳುವಿರಿ? ಅದಕ್ಕಿಂತ ಗಿಬ್ಸನ್ ಕಂಪನಿಯದೇ ಆದ ಎಪಿಫೋನ್ ಹೆಸರಿನ ಅಸಲಿ ಗಿಟಾರ್ ಲೇಸು.

ಇವು ಬರುವುದು ಎಲ್ಲಿಂದ? ಬೆಂಗಳೂರು, ಮೈಸೂರು, ಮಣಿಪಾಲದಂಥ ಊರುಗಳಲ್ಲಿ ಕಾಲೇಜು ಮುಗಿಸಿ ಹೊರಡುವ ಹುಡುಗರಿಂದ. ಲಾಕ್‌ಡೌನ್ ಕಾಲದಲ್ಲಿ ಲೋಕವೆಲ್ಲ ಗಿಟಾರ್ ಕೊಂಡಿತು, ಫೆಂಡರ್ ಅಲ್ಲಿಯ ತನಕದ ತನ್ನ ಇತಿಹಾಸದಲ್ಲೇ ಅತಿ ಹೆಚ್ಚು ಮಾರಿದ ವರ್ಷ 2020. ಆಗ ಆಸೆಯಿಂದ ಕೊಂಡು ನಾಲ್ಕು ಕಾರ್ಡ್ ಕಲಿತು ಅಟ್ಟಕ್ಕೆ ಹೋದ ವಾದ್ಯಗಳು ಈಗ ಒಂದೊಂದಾಗಿ ಇಳಿಯುತ್ತಿವೆ. ಫ್ರೆಟ್ ಸವೆದಿರುವುದಿಲ್ಲ, ಅದು ಅನುಕೂಲ. ವರ್ಷಗಟ್ಟಲೆ ಮೂಲೆಗೆ ಒರಗಿ ನಿಂತು ನೆಕ್ ಬಾಗಿರಬಹುದು, ಆದ್ದರಿಂದ ಮೇಲೆ ಹೇಳಿದ ಪರೀಕ್ಷೆ ಬಿಡಬೇಡಿ. ಬೆಂಗಳೂರಿನ ಫೆಬ್ರವರಿ, ಮಾರ್ಚಿನ ಒಣಹವೆಯಲ್ಲಿ ಹಲಗೆ ಕುಗ್ಗಿ ಫ್ರೆಟ್ಟಿನ ತುದಿಗಳು ಕೈಗೆ ಚುಚ್ಚುವುದುಂಟು. ಅದನ್ನು ನಯವಾಗಿ ಅರೆಸಬಹುದು. ಈಗ ನಾನು ನುಡಿಸುತ್ತಿರುವ ಪೆಸಿಫಿಕಾ ಮೈಸೂರಿನಲ್ಲಿ ಹಾಗೆ ಸಿಕ್ಕಿದ್ದು. ಕೊಟ್ಟ ಹುಡುಗ ಎಂಜಿನಿಯರಿಂಗ್ ಮುಗಿಸಿ ಪುಣೆಗೆ ಹೊರಟಿದ್ದ. ಚೌಕಾಸಿ ಎಲ್ಲ ಮುಗಿದ ಮೇಲೆ, ‘ಸರ್, ನೀವು ಪ್ರೋಗ್ರಾಂ ಕೊಡ್ತೀರಾ? ಹಾಗಿದ್ರೆ ಇನ್ನೂ ಐನೂರು ಕಮ್ಮಿ ಕೊಡಿ, ಇದು ಒಂದ್ಸಲಾನೂ ಸ್ಟೇಜ್ ನೋಡಿಲ್ಲ’ ಅಂದ. ನಾನು ಕಡಿಮೆ ಕೊಡಲಿಲ್ಲ.

ಚೌಕಾಸಿ ಮಾಡುವಾಗ ಗಿಟಾರನ್ನು ಹೀಗಳೆಯುವ ಅಗತ್ಯವಿಲ್ಲ. ಕಂಡ ದೋಷವನ್ನು ಅವರ ಎದುರೇ ತೋರಿಸಿ, ಅದನ್ನು ಸರಿಮಾಡಿಸಲು ಇಷ್ಟಾಗುತ್ತದೆ ಎಂದು ಹೇಳಿ ಅಷ್ಟನ್ನು ಕಳೆಯಿರಿ. ತಿಳಿದು ಮಾತಾಡುವವರು ಎಂದು ಗೊತ್ತಾದರೆ ಮಾರುವವರೂ ಹಟ ಹಿಡಿಯುವುದಿಲ್ಲ. ಸಂಜೆ ಕತ್ತಲಲ್ಲಿ ರಸ್ತೆ ಬದಿ ಭೇಟಿಯಾಗೋಣ ಎನ್ನುವವರ ಬಳಿ ಹೋಗಬೇಡಿ, ಪ್ಲಗ್ ಹಾಕಿ ಕೇಳಲು ಸಾಧ್ಯವಾಗುವ ಜಾಗವೇ ಆಗಬೇಕು.

ಮತ್ತು ಕೈಯಲ್ಲಿರುವ ದುಡ್ಡನ್ನೆಲ್ಲ ಗಿಟಾರಿಗೇ ಸುರಿಯಬೇಡಿ. ಇಪ್ಪತ್ತು ಇದ್ದರೆ ಗಿಟಾರ್ ಹದಿಮೂರರೊಳಗೆ ಮುಗಿಯಲಿ. ನಮ್ಮ ಹೆಚ್ಚಿನ ವೇದಿಕೆಗಳಲ್ಲಿ ಗಿಟಾರಿಗೆಂದು ಬೇರೆ ಆಂಪ್ ಇರುವುದಿಲ್ಲ, ನೇರ ಮಿಕ್ಸರಿಗೆ ಕೊಡಿ ಎನ್ನುತ್ತಾರೆ. ಪಿಕಪ್ಪಿನಿಂದ ಬರುವ ಕ್ಷೀಣ ವಿದ್ಯುತ್ತನ್ನು ಹಾಗೆಯೇ ಮಿಕ್ಸರಿಗೆ ಕೊಟ್ಟರೆ ನಾದ ಮಂಕಾಗಿ, ಜೀವವಿಲ್ಲದೆ ಕೇಳುತ್ತದೆ. ಆಂಪಿನ ಗುಣವನ್ನು ಅನುಕರಿಸುವ ಪುಟ್ಟ ಮಲ್ಟಿ ಎಫೆಕ್ಟ್ ಪೆಡಲ್ ಒಂದು ನಡುವೆ ಬೇಕೇ ಬೇಕು. ಝೂಮ್ ಜಿ1 ಸಾಲಿನವು ಸೆಕೆಂಡ್ ಹ್ಯಾಂಡಿನಲ್ಲಿ ಸಿಗುತ್ತವೆ, ಒಳಗೇ ಟ್ಯೂನರ್ ಇರುವುದರಿಂದ ಎರಡು ಹಾಡುಗಳ ನಡುವೆ ಸದ್ದಿಲ್ಲದೆ ಶ್ರುತಿ ನೋಡಿಕೊಳ್ಳಬಹುದು. ಗಿಟಾರಿನ ಮೇಲೆ ಇನ್ನೂ ಐದು ಸಾವಿರ ಹೆಚ್ಚು ಹಾಕುವುದಕ್ಕಿಂತ ಈ ಪೆಡಲ್ ಕೊಳ್ಳುವುದರಿಂದ ಜನರಿಗೆ ಕೇಳುವ ನಾದ ಹೆಚ್ಚು ಬದಲಾಗುತ್ತದೆ, ಇದು ನನ್ನ ದೃಢ ಅನುಭವ. ಉಳಿದದ್ದರಲ್ಲಿ ಎರಡು ಒಳ್ಳೆಯ ಕೇಬಲ್, ಅಗಲವಾದ ಪಟ್ಟಿ, ಮತ್ತು ಸೆಟಪ್ ಕೆಲಸ. ಗಿಟಾರ್ ರಿಪೇರಿ ಬಲ್ಲವರ ಬಳಿ ಕೊಟ್ಟರೆ ನೆಕ್, ತಂತಿಯ ಎತ್ತರ, ಸ್ಥಾಯಿ ಎಲ್ಲ ಹೊಂದಿಸಲು ಸುಮಾರು ಸಾವಿರದಿಂದ ಎರಡು ಸಾವಿರ ತೆಗೆದುಕೊಳ್ಳುತ್ತಾರೆ. ಹನ್ನೆರಡನೆಯ ಫ್ರೆಟ್ಟಿನ ಮೇಲೆ ತಂತಿ ಒಂದೂವರೆಯಿಂದ ಎರಡು ಮಿಲಿಮೀಟರ್ ಎತ್ತರದಲ್ಲಿರಲಿ ಎಂದು ಹೇಳಿ.

ತಂದ ಮೇಲೆ ಎರಡು ವಾರವಾದರೂ ಮನೆಯಲ್ಲಿ ಪಟ್ಟಿ ಹಾಕಿ ನಿಂತೇ ನುಡಿಸಿ, ಕುಳಿತು ಕಲಿತ ಕೈಗೆ ನಿಂತಾಗ ನೆಕ್ ಬೇರೆ ಜಾಗದಲ್ಲಿರುತ್ತದೆ. ಹಳೆಯ ಅಕೌಸ್ಟಿಕ್ ಮಾರಬೇಡಿ, ತಾಲೀಮಿಗೆ ಬೇಕಾಗುತ್ತದೆ. ಬ್ಯಾಗಿನಲ್ಲಿ ಒಂದು ಸೆಟ್ ತಂತಿ, ಬಿಡಿಯಾಗಿ ಎರಡು ಮೊದಲನೇ ತಂತಿ, ತುದಿ ಕತ್ತರಿಸಲು ಕಟಿಂಗ್ ಪ್ಲೇಯರ್, ಸಣ್ಣ ಸ್ಕ್ರೂ ಡ್ರೈವರ್ ಇರಲಿ. ಟ್ರಸ್ ರಾಡಿನ ಅಲೆನ್ ಕೀಯನ್ನು ಮಾತ್ರ ಕೊಳ್ಳುವ ದಿನವೇ ಮಾರುವವರಿಂದ ಕೇಳಿ ಪಡೆಯಿರಿ. ಕೆಲವದರ ಅಳತೆ ಇಂಚಿನಲ್ಲಿ, ಕೆಲವದರದ್ದು ಮಿಲಿಮೀಟರಿನಲ್ಲಿ. ಹೊಂದದ ಕೀ ಹಾಕಿ ತಿರುಗಿಸಿದರೆ ಒಳಗಿನ ಅಂಚು ಸವೆದುಹೋಗುತ್ತದೆ.